ಪ್ರತಿಕ್ರಿಯೆ: ಜೀವವಿಕಾಸ ಓದಿದ ಮಗಳು ಚರ್ಚ್‌ಗೆ ಬರಲ್ಲ ಅಂತಾಳೆ

ಪಿಯುಸಿಯಲ್ಲಿ ಜೀವವಿಕಾಸ ಓದಿದ ಮಗಳು "ಬೈಬಲ್ ಸುಳ್ಳು" ಅಂತಿದ್ದಾಳೆ ಅಂದಿರಿ. ತೊಡಕು ಬಹುಶಃ ಡಾರ್ವಿನ್ನನದಲ್ಲ; ಬೈಬಲ್ಲಿನ ಮೊದಲ ಪುಸ್ತಕವಾದ ಆದಿಕಾಂಡದಲ್ಲಿ ದೇವರು ಲೋಕ ಸೃಷ್ಟಿಸಿದ ಆರು ದಿನಗಳನ್ನು ಗಡಿಯಾರದ ದಿನಗಳೆಂದು ಕಲಿಸಿದ್ದರದ್ದು. ನಮ್ಮನೆಯಲ್ಲೂ ಹೀಗೇ ಆಗಿತ್ತು.

ಮೊದಲು ಇಬ್ಬರೂ ಕೂತು ಒಂದನೇ ಅಧ್ಯಾಯ ಓದಿ. ಬೆಳಕು ಮೊದಲ ದಿನ, ಸೂರ್ಯ ನಾಲ್ಕನೇ ದಿನ. ಸೂರ್ಯನಿಲ್ಲದೆ ಮೂರು ಬೆಳಗು, ಮೂರು ಸಂಜೆ ಹೇಗಾದವು ಅಂತ ಅವಳೇ ಕೇಳಲಿ. ಡಾರ್ವಿನ್ನನಿಗಿಂತ ಸುಮಾರು 1,400 ವರ್ಷ ಮೊದಲು ಕ್ರೈಸ್ತ ದೇವಶಾಸ್ತ್ರಜ್ಞ ಸಂತ ಅಗಸ್ಟೀನರೂ ಇದಕ್ಕೇ ತಲೆ ಕೆಡಿಸಿಕೊಂಡಿದ್ದರು.

ಆಮೇಲೆ ದಾವಣಗೆರೆಯಿಂದ ಚಿತ್ರದುರ್ಗದ ಬಸ್ ಹತ್ತಿ, ಅಲ್ಲಿಗೆ ಹತ್ತಿರದ ಮರಡಿಹಳ್ಳಿಗೆ ಹೋಗಿ. ನೀರಿನಡಿ ಲಾವಾ ಉಕ್ಕಿ ದಿಂಬಿನಂತೆ ಗಟ್ಟಿಯಾದ ಬಂಡೆಗಳು, 250 ಕೋಟಿ ವರ್ಷದಷ್ಟು ಹಳೆಯವು. ಭೂಮಿ ಎಷ್ಟು ಹಳೆಯದು ಅಂತ ಅವಳೇ ಮುಟ್ಟಿ ನೋಡಲಿ, ಅಲ್ಲಿ ಉಪದೇಶ ಬೇಡ.

ಮನುಷ್ಯ ವಿಕಾಸದಿಂದ ಬಂದವನಾದರೆ ಬೈಬಲ್ ಹೇಳುವ ಮೊದಲ ಮನುಷ್ಯ ಆದಾಮ, ಅವನ ಪಾಪ ಏನಾಯಿತು ಅಂತ ಕೇಳಿದರೆ ಮಾತ್ರ ಕಷ್ಟ. ದೇವಶಾಸ್ತ್ರಜ್ಞರಲ್ಲೇ ಒಮ್ಮತವಿಲ್ಲ, ಹಾಗಂತಲೇ ಹೇಳಿಬಿಡಿ.