ಡಬ್ಬಿ ಹೋದರೆ ಹೋಗಲಿ, ಬುಕ್‌ಲೆಟ್ ಇರಲಿ

ಹಿಂದಿನ ಸಂಚಿಕೆಯಲ್ಲಿ ಹಳೇ ಕ್ಯಾಸೆಟ್‌ಗಳ ಬಗ್ಗೆ ನಾಲ್ಕು ಮಾತು ಬರೆದಿದ್ದೇ ತಡ, ಸಿ.ಡಿ. ಇಟ್ಟುಕೊಂಡವರೆಲ್ಲ ಪತ್ರ ಬರೆದಿದ್ದಾರೆ. ಕ್ಯಾಸೆಟ್ ಅಂಗಡಿಯ ಗಲ್ಲಾದ ಹಿಂದೆ ಬಹಳ ವರ್ಷ ಕೂತವಳು ನಾನು. ಕ್ಯಾಸೆಟ್ ಹೋಗಿ ಸಿ.ಡಿ. ಬಂದದ್ದು, ಸಿ.ಡಿ.ಯೂ ಹೋಗಿ ಆ ಜಾಗದಲ್ಲಿ ಮೊಬೈಲ್ ಕವರ್ ನೇತಾಡಿದ್ದು, ಎಲ್ಲ ಕಣ್ಣೆದುರೇ ಆಗಿದೆ. ಆದ್ದರಿಂದ ಈ ಸಲ ಪೂರ್ತಿ ಸಿ.ಡಿ. ವಿಚಾರವೇ.

ಪ್ರಶ್ನೆ: ಮೇಡಂ, ನನ್ನ ಹತ್ತಿರ ಸುಮಾರು 1,200 ಸಿ.ಡಿ. ಇವೆ. ಮುಕ್ಕಾಲು ಪಾಲು ಹಿಂದೂಸ್ತಾನಿ. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ, ಭೀಮಸೇನ ಜೋಶಿ, ಬಸವರಾಜ ರಾಜಗುರು ಅವರದ್ದು ಸಿಕ್ಕಿದ್ದೆಲ್ಲ ಕೊಂಡಿದ್ದೇನೆ. ಉಳಿದದ್ದು ಭಾವಗೀತೆ, ದೇವರನಾಮ, ಹಳೇ ಸಿನಿಮಾ ಹಾಡು. ಬ್ಯಾಂಕಿನಿಂದ ನಿವೃತ್ತನಾಗಿ ಈಗ ಮಗನ ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿದ್ದೇವೆ. ಸಿ.ಡಿ. ಇಟ್ಟ ಮೂರು ಗಾಜಿನ ಬೀರುಗಳು ನಮ್ಮ ರೂಮಿನ ಒಂದಿಡೀ ಗೋಡೆ ತಿಂದಿವೆ. ಸೊಸೆಗೆ ಹೆರಿಗೆ ಹತ್ತಿರ ಬಂದಿದೆ, ತೊಟ್ಟಿಲಿಗೆ ಜಾಗ ಬೇಕು. "ದೀಪಾವಳಿಯೊಳಗೆ ಏನಾದರೂ ಮಾಡಿ" ಅಂತ ನಮ್ಮ ಮನೆಯವರು ಹೇಳಿಬಿಟ್ಟಿದ್ದಾರೆ. ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ ಸಿ.ಡಿ. ಮಾರಿಬಿಡು ಅನ್ನುತ್ತಾನೆ ಮಗ. ಏನು ಮಾಡಲಿ?
— ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ಮಾರಬೇಡಿ ಸರ್. ಬೀರು ಮಾತ್ರ ಮಾರಿ.

ನಿಮ್ಮ ಗೋಡೆ ತಿಂದಿರುವುದು ಸಂಗೀತ ಅಲ್ಲ, ಪ್ಲಾಸ್ಟಿಕ್ ಡಬ್ಬಿ. ಒಂದು ಸಿ.ಡಿ.ಯ ದಪ್ಪ 1.2 ಮಿಲಿಮೀಟರ್. ಅದರ ಡಬ್ಬಿಯ ದಪ್ಪ 1 ಸೆಂಟಿಮೀಟರಿಗೂ ಒಂದು ಗೆರೆ ಜಾಸ್ತಿ. ನಿಮ್ಮ 1,200 ಡಬ್ಬಿಗಳನ್ನು ಸಾಲಾಗಿ ನಿಲ್ಲಿಸಿದರೆ 12 ಮೀಟರ್ ದಾಟುತ್ತೆ. ಬುಕ್‌ಲೆಟ್ ಸೇರಿ ಡಬ್ಬಿಯೊಂದಕ್ಕೆ 100 ಗ್ರಾಂ ಅಂದುಕೊಂಡರೂ ಒಟ್ಟು ತೂಕ 120 ಕೆ.ಜಿ. ಅದೇ ಡಿಸ್ಕು, ಬುಕ್‌ಲೆಟ್ಟು, ಡಬ್ಬಿಯ ಹಿಂಬದಿಯಲ್ಲಿ ಕಾಣುವ ಇನ್‌ಲೇ ಕಾರ್ಡು, ಈ ಮೂರನ್ನು ಮಾತ್ರ ತೆಳು ಕವರಿಗೆ ಹಾಕಿದರೆ ಒಂದಕ್ಕೆ 3 ಮಿಲಿಮೀಟರ್ ಸಾಕು. 12 ಮೀಟರಿನ ಸಾಲು ಮೂರೂವರೆ ಮೀಟರಿಗೆ ಇಳಿಯಿತು, ಅಲ್ವಾ?

ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಒಂದು ಸಲ ಹೋಗಿಬನ್ನಿ. ಅಲ್ಲಿ ಸಿಗದಿದ್ದರೆ ಆನ್‌ಲೈನ್ ಇದ್ದೇ ಇದೆ. ಎರಡು ಜೇಬಿನ ಪಾಲಿಪ್ರೊಪಿಲೀನ್ ಕವರ್ ಕೇಳಿ. ಒಂದು ಜೇಬಿನ ಒಳಗೆ ಮೆತ್ತನೆ ಬಟ್ಟೆಯಂಥ ಹಾಳೆ ಇರುತ್ತೆ, ಅದು ಡಿಸ್ಕಿಗೆ. ಇನ್ನೊಂದು ಜೇಬು ಕಾಗದಗಳಿಗೆ. ಕೊಳ್ಳುವ ಮುಂಚೆ ಮೂಸಿ ನೋಡಿ. ಹೊಸ ರೈನ್‌ಕೋಟಿನ ಥರ ಘಾಟು ಬಂದರೆ ಅದು ಪಿ.ವಿ.ಸಿ., ವಾಪಸ್ ಕೊಡಿ. ಪಿ.ವಿ.ಸಿ.ಯನ್ನು ಮೆತ್ತಗೆ ಮಾಡಲು ಬೆರೆಸಿದ ರಾಸಾಯನಿಕ ವರ್ಷಗಳು ಕಳೆದಂತೆ ಹೊರಗೆ ಜಿನುಗಿ ಡಿಸ್ಕಿಗೆ ಅಂಟಿಕೊಳ್ಳುತ್ತೆ. ಕಿಟಕಿ ಇರುವ ಕಾಗದದ ಕವರು ಅಗ್ಗ ನಿಜ, ಆದರೆ ಪ್ರತಿ ಸಲ ಎಳೆದಾಗಲೂ ಗೀರು ಬೀಳುತ್ತೆ. ಜಿಪ್ಪಿನ ಪೌಚು ಕಾರಿಗೆ ಸರಿ, ಮನೆಗೆ ಬೇಡ. ಅದರಲ್ಲಿ ಬುಕ್‌ಲೆಟ್ಟಿಗೆ ಜಾಗವೇ ಇರಲ್ಲ.

ಈ ಬುಕ್‌ಲೆಟ್ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಮನ್ಸೂರರು ಜೈಪುರ-ಅತ್ರೌಲಿ ಘರಾಣೆಯವರು, ಅಂದರೆ ಆ ಗಾಯನ ಪರಂಪರೆಯವರು. ಎಲ್ಲರೂ ಹಾಡದ ರಾಗಗಳನ್ನು ಹುಡುಕಿ ಹಾಡಿದವರು. ಸಂಪೂರ್ಣ ಮಾಲಕಂಸ್, ಶಿವಮತ್ ಭೈರವ್, ಖೋಕರ್... ಕೇಳಿದ ತಕ್ಷಣ ಹೆಸರು ಹೇಳುವ ಕಿವಿ ಎಷ್ಟು ಜನಕ್ಕಿದೆ? ಡಿಸ್ಕಿನ ಮೇಲೆ ಬರೀ ಕಂಪನಿಯ ಚಿತ್ರ, ಎರಡು ಸಾಲು ಅಕ್ಷರ. ಯಾವ ರಾಗ, ತಬಲಾ ಯಾರದು, ಹಾರ್ಮೋನಿಯಂ ಯಾರದು, ಕಛೇರಿಯಲ್ಲಿ ಹಾಡಿದ್ದೋ ಸ್ಟುಡಿಯೋದಲ್ಲೋ, ಎಲ್ಲ ಇರುವುದು ಆ ಕಾಗದದಲ್ಲಿ. ಅಂಗಡಿಯಲ್ಲಿದ್ದಾಗ ಬುಕ್‌ಲೆಟ್ ಕಳೆದುಹೋದ ಡಿಸ್ಕನ್ನು ಹಿಡಿದುಕೊಂಡು "ಇದು ಯಾವುದು ನೋಡಿ ಹೇಳಿ" ಅಂತ ಬರುವವರಿದ್ದರು. ಎಷ್ಟೋ ಸಲ ನನಗೂ ಗೊತ್ತಾಗುತ್ತಿರಲಿಲ್ಲ.

ಇನ್‌ಲೇ ಕಾರ್ಡ್ ಕಪ್ಪು ಟ್ರೇಯ ಅಡಿಗಿರುತ್ತೆ. ಅದನ್ನು ತೆಗೆಯೋದು ಹೀಗೆ. ಡಿಸ್ಕು ಎತ್ತಿಟ್ಟು, ಡಬ್ಬಿಯನ್ನು ಪೂರ್ತಿ ತೆರೆದು, ಮುಚ್ಚಳದ ಒಂದು ಕಿವಿಯನ್ನು ಹೊರಕ್ಕೆ ಸ್ವಲ್ಪ ಬಾಗಿಸಿ. ಮುಚ್ಚಳ ಕೈಗೆ ಬರುತ್ತೆ. ಆಮೇಲೆ ಟ್ರೇಯ ಅಂಚಿಗೆ ಉಗುರು ಹಾಕಿ ಎಬ್ಬಿಸಿ. ಟಕ್ ಅಂತ ಶಬ್ದ ಬಂದರೆ ಬಿಟ್ಟುಕೊಂಡಿತು ಅಂತ. ಕೆಳಗಿನ ಕಾರ್ಡಿನ ಎರಡೂ ಬದಿಯಲ್ಲಿ ಹೆಸರು ಬರೆದ ಸಣ್ಣ ಪಟ್ಟಿ ಮಡಚಿರುತ್ತೆ. ಒಂದನ್ನು ಹಿಂದಕ್ಕೆ ಚಪ್ಪಟೆಯಾಗಿ ಮಡಚಿ, ಇನ್ನೊಂದು ಕವರಿನ ಮೇಲಂಚಿಗೆ ಬರುವ ಹಾಗೆ ಇಡಿ. ಡ್ರಾಯರ್ ತೆರೆದರೆ ಹೆಸರು ಕಾಣಬೇಕು. ಒಂದಕ್ಕೆ ಎರಡು ನಿಮಿಷದ ಕೆಲಸ. 1,200ಕ್ಕೆ 40 ಗಂಟೆ ಆಯ್ತು. ಸಂಜೆ ಟಿ.ವಿ. ಮುಂದೆ ಇಬ್ಬರೂ ಕೂತು ಮಾಡಿದರೆ ದೀಪಾವಳಿಗೆ ಮುಂಚೆಯೇ ಮುಗಿಯುತ್ತೆ.

ಈಗ ಎಲ್ಲಿಡೋದು? ನಿಮ್ಮ ಮಂಚದ ಕೆಳಗೆ ಏನಿದೆ? ಹಳೇ ಸೂಟ್‌ಕೇಸ್ ಇರುತ್ತೆ, ನನಗೆ ಗೊತ್ತು. ಅದನ್ನು ತೆಗೆಸಿ, ಬಡಗಿಗೆ ಹೇಳಿ ಎರಡು ಡ್ರಾಯರ್ ಮಾಡಿಸಿ. ಒಳಗಿನ ಅಳತೆ ಅಗಲ 58 ಸೆಂಟಿಮೀಟರ್, ಉದ್ದ 45, ಎತ್ತರ 15. ಅಗಲದಲ್ಲಿ ನಾಲ್ಕು ಸಾಲು, ಸಾಲಿಗೆ 150. ಅಂದರೆ ಒಂದು ಡ್ರಾಯರಿಗೆ 600. ನಿಮ್ಮ ಲೆಕ್ಕಕ್ಕೆ ಎರಡು ಸಾಕು. ಆದರೆ ಕೈ ಆಡೋದಕ್ಕೂ ಮುಂದೆ ಕೊಳ್ಳೋದಕ್ಕೂ ಸ್ವಲ್ಪ ಜಾಗ ಬೇಕಲ್ಲ, ಮೂರು ಮಾಡಿಸಿದರೆ ವಾಸಿ. (ಇನ್ನು ಕೊಳ್ಳಲ್ಲ ಅಂತ ಮನೆಯವರಿಗೆ ಹೇಳಿದ್ದೀರಿ ಅಂತ ಊಹಿಸಬಲ್ಲೆ.) ತುಂಬಿದ ಡ್ರಾಯರ್ 18-20 ಕೆ.ಜಿ. ತೂಗುತ್ತೆ. ಡ್ರಾಯರ್ ಜಾರುವ ಟೆಲಿಸ್ಕೋಪಿಕ್ ಚಾನೆಲ್ ಒಳ್ಳೇದೇ ಹಾಕಿಸಿ, ಅಲ್ಲಿ ದುಡ್ಡು ಉಳಿಸಲು ಹೋಗಬೇಡಿ. ನೆಲ ಒರೆಸುವ ನೀರು ತಾಗದ ಹಾಗೆ ನಾಲ್ಕು ಬೆರಳು ಮೇಲೆ ಇರಲಿ.

ಡಬ್ಬಿ ಬಿಡಲು ಮನಸ್ಸೇ ಒಪ್ಪದ ಕೆಲವು ಇದ್ದೇ ಇರುತ್ತವೆ. ರಟ್ಟಿನ ಕವರಿನವು, ನಾಲ್ಕೈದು ಡಿಸ್ಕಿನ ಸೆಟ್‌ಗಳು, ಯಾರೋ ಸಹಿ ಹಾಕಿಕೊಟ್ಟದ್ದು. ಅಂಥವಕ್ಕೆ ರೂಮಿನ ಬಾಗಿಲ ಹಿಂದಿನ ಗೋಡೆ ನೋಡಿ. ಅಲ್ಲಿ ಬೇರೆ ಏನೂ ಇಡಲು ಆಗಲ್ಲ, ಆದರೆ ಸಿ.ಡಿ.ಗೆ ಬೇಕಾದ ಆಳ ಅರ್ಧ ಅಡಿ ಮಾತ್ರ. ಎರಡೂವರೆ ಅಡಿ ಅಗಲ, ಆರಡಿ ಎತ್ತರದ ಪ್ಲೈವುಡ್ ರ‍್ಯಾಕ್, ಹಲಗೆಯಿಂದ ಹಲಗೆಗೆ ಐದೂವರೆ ಇಂಚು ಸಂದು. ಹನ್ನೊಂದು ಹಲಗೆ ಬರುತ್ತೆ, ಹಲಗೆಗೆ 70 ಡಬ್ಬಿ. ನಂಬಿ, 770 ಡಬ್ಬಿ ಬಾಗಿಲ ಹಿಂದೆ ಅಡಗುತ್ತೆ! ಬಾಗಿಲು ಬಡಿಯದ ಹಾಗೆ ಒಂದು ಸ್ಟಾಪರ್ ಹಾಕಿಸಿ. ರ‍್ಯಾಕನ್ನು ಗೋಡೆಗೆ ಬೋಲ್ಟ್ ಮಾಡಿಸದೆ ಬಿಡಲೇಬೇಡಿ, ನಾಳೆ ಮಗು ಹಿಡಿದು ನಿಲ್ಲಲು ಶುರುಮಾಡುತ್ತೆ. ಬಡಗಿಗಳು ಅಭ್ಯಾಸಬಲದಿಂದ ಎಲ್ಲಕ್ಕೂ ಒಂದಡಿ ಆಳ ಹೇಳುತ್ತಾರೆ. ಒಪ್ಪಬೇಡಿ. ಆಳ ಜಾಸ್ತಿಯಾದರೆ ನೀವು ಎರಡು ಸಾಲು ಇಡುತ್ತೀರಿ, ಹಿಂದಿನ ಸಾಲು ಇದೆ ಅನ್ನೋದೇ ಮರೆತುಹೋಗುತ್ತೆ.

ಖಾಲಿ ಡಬ್ಬಿಗಳನ್ನು ಗುಜರಿಯವರು ಸಾಮಾನ್ಯವಾಗಿ ಬೇಡ ಅನ್ನುತ್ತಾರೆ. ಡಿಸ್ಕು ಹಿಡಿಯುವ ಹಲ್ಲು ಮುರಿಯದ ಐವತ್ತನ್ನು ಇಟ್ಟುಕೊಳ್ಳಿ, ರ‍್ಯಾಕಿನಲ್ಲಿರುವವು ಒಡೆದಾಗ ಬೇಕಾಗುತ್ತೆ. ಉಳಿದದ್ದು ಒಣ ಕಸಕ್ಕೆ.

ಜೋಡಿಸುವಾಗ ರಾಗದ ಪ್ರಕಾರ ಹೋಗಬೇಡಿ. ಒಂದು ಸಿ.ಡಿ.ಯಲ್ಲಿ ಮೂರು ರಾಗ ಇದ್ದರೆ ಎಲ್ಲಿಡುತ್ತೀರಿ? ಗಾಯಕರ ಪ್ರಕಾರವೂ ಡ್ರಾಯರಿನಲ್ಲಿ ಕಷ್ಟವೇ. ಭೀಮಸೇನ ಜೋಶಿಯವರದ್ದು ಒಂದು ಹೊಸದು ಬಂದರೆ ಪೂರ್ತಿ ಸಾಲು ಸರಿಸಬೇಕು. ಲೈಬ್ರರಿಯವರ ಹಾಗೆ ಬಂದ ಕ್ರಮದಲ್ಲಿ ನಂಬರ್ ಕೊಟ್ಟು, ಹೊಸದನ್ನು ಕೊನೆಗೆ ಸೇರಿಸುತ್ತಾ ಹೋಗಿ. ನಂಬರ್ ಕವರಿನ ಮೇಲೆ ಬರೆಯಿರಿ, ಡಿಸ್ಕಿನ ಮೇಲಲ್ಲ. ಗಾಯಕರು, ರಾಗ, ಜೊತೆಗಾರರು, ಎಲ್ಲ ಎಕ್ಸೆಲ್‌ನಲ್ಲಿ ಬರಲಿ. ಬ್ಯಾಂಕಿನವರಿಗೆ ಲೆಡ್ಜರ್ ಬರೆಯೋದು ನಾನು ಹೇಳಿಕೊಡಬೇಕಾ?

ಇನ್ನು ಮಗ ಹೇಳಿದ ಕಂಪ್ಯೂಟರ್ ವಿಷಯ. ಅದನ್ನೂ ಮಾಡಿ, ಆದರೆ ನಿಧಾನಕ್ಕೆ. ಎಂಪಿ3 ಬೇಡ, ಫ್ಲ್ಯಾಕ್ (FLAC) ಫೈಲ್ ಮಾಡಿ. ಅದರಲ್ಲಿ ಧ್ವನಿ ಏನೂ ಕಳೆದುಹೋಗಲ್ಲ. ಒಂದು ಸಿ.ಡಿ.ಗೆ ಸರಾಸರಿ 350 ಎಂ.ಬಿ. ಅಂದರೆ 1,200ಕ್ಕೆ 420 ಜಿ.ಬಿ. 1 ಟಿ.ಬಿ. ಹಾರ್ಡ್‌ಡಿಸ್ಕ್ ಧಾರಾಳ. ಅಂಥದ್ದು ಎರಡು ತೆಗೆದುಕೊಂಡು ಒಂದನ್ನು ಬೇರೆ ಮನೆಯಲ್ಲಿಡಿ. ವಿಂಡೋಸ್ ಇದ್ದರೆ ಎಕ್ಸಾಕ್ಟ್ ಆಡಿಯೋ ಕಾಪಿ ಅನ್ನುವ ಉಚಿತ ಸಾಫ್ಟ್‌ವೇರ್ ಚೆನ್ನಾಗಿದೆ. ಹೊಸ ಲ್ಯಾಪ್‌ಟಾಪ್‌ಗಳಿಗೆ ಸಿ.ಡಿ. ಡ್ರೈವ್ ಇರಲ್ಲ, ಯು.ಎಸ್.ಬಿ. ಡ್ರೈವ್ ಬೇರೆ ಕೊಳ್ಳಬೇಕು. ನಮ್ಮ ಕಡೆಯ ಎಷ್ಟೋ ಸಿ.ಡಿ.ಗಳ ವಿವರ ತಾನಾಗಿ ಬರಲ್ಲ, ನೀವೇ ಟೈಪ್ ಮಾಡಬೇಕು. ಮನ್ಸೂರ್ ಅಂತ ಇಂಗ್ಲಿಷಿನಲ್ಲಿ ಎರಡು ಥರ ಬರೆಯುತ್ತಾರೆ. ಒಂದನ್ನು ಹಿಡಿದು ಅದನ್ನೇ ಬಳಸಿ, ಇಲ್ಲದಿದ್ದರೆ ಒಬ್ಬ ಗಾಯಕರು ಇಬ್ಬರಾಗುತ್ತಾರೆ.

ಮೊದಲು ಕಾಪಿ ಮಾಡಬೇಕಾದದ್ದು ಅಂಗಡಿಯಲ್ಲಿ ಕೊಂಡದ್ದಲ್ಲ. ಮನೆಯಲ್ಲೇ ಬರೆಸಿಕೊಂಡ ಸಿ.ಡಿ.ಗಳಿರುತ್ತವಲ್ಲ, ಯಾರದೋ ಮನೆಯ ಬೈಠಕ್ಕು, ರೇಡಿಯೋದಿಂದ ಇಳಿಸಿಕೊಂಡದ್ದು, ಅವು. ಕಂಪನಿಯ ಡಿಸ್ಕಿನಲ್ಲಿ ಹಾಡು ಅಚ್ಚಾಗಿರುತ್ತೆ. ಬರೆಸಿಕೊಂಡದ್ದರಲ್ಲಿ ಅದು ಬಣ್ಣದ ಒಂದು ಪದರದ ಮೇಲೆ ನಿಂತಿರುತ್ತೆ, ಆ ಬಣ್ಣ ಬಿಸಿಲಿಗೂ ವಯಸ್ಸಿಗೂ ಮಾಸುತ್ತೆ. ಅವು ಹೋದರೆ ಎಷ್ಟು ದುಡ್ಡು ಕೊಟ್ಟರೂ ಎಲ್ಲೂ ಸಿಗಲ್ಲ.

ಕಾಪಿ ಇಟ್ಟುಕೊಂಡು ಅಸಲನ್ನು ಮಾರೋದು ನನಗೆ ಸರಿ ಕಾಣಲ್ಲ. ಮಾರಿದರೂ ಬರುವ ದುಡ್ಡು ಕೇಳಿ ಬೇಜಾರಾಗುತ್ತೀರಿ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಮನೆಯ ಸಿ.ಡಿ.ಗಳಿಗೆ ಬೂಷ್ಟು ಹಿಡಿಯುತ್ತದೆ. ಕೆಲವನ್ನು ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ತೂತುಗಳೂ ಕಾಣುತ್ತವೆ. ಹಾಳಾದವೇ?
— ಓದುಗರೊಬ್ಬರು, ಶಿರಸಿ

ಉತ್ತರ: ತೂತಿಗೆ ಹೆದರಬೇಡಿ ತಂಗಿ. ಎಷ್ಟೋ ಡಿಸ್ಕುಗಳು ಕಾರ್ಖಾನೆಯಿಂದಲೇ ಹಾಗೆ ಬಂದಿರುತ್ತವೆ. ಸಿ.ಡಿ.ಯಲ್ಲಿ ತಪ್ಪು ತಿದ್ದುವ ವ್ಯವಸ್ಥೆ ಇದೆ, ಎರಡು ಮಿಲಿಮೀಟರಿನಷ್ಟು ಮಾಹಿತಿ ಸಿಗದಿದ್ದರೂ ಪ್ಲೇಯರ್ ಸರಿಮಾಡಿಕೊಂಡು ಹಾಡುತ್ತೆ. ಅಂಚಿನಿಂದ ಒಳಕ್ಕೆ ಕಂದು ಬಣ್ಣ ಹಬ್ಬುತ್ತಿದ್ದರೆ ಮಾತ್ರ ಅವತ್ತೇ ಕಾಪಿ ಮಾಡಿಕೊಳ್ಳಿ. ಒಳಗಿನ ಅಲ್ಯೂಮಿನಿಯಂ ಕೆಡುತ್ತಿದೆ ಅಂತ ಅರ್ಥ.

ಬೂಷ್ಟನ್ನು ಒದ್ದೆ ಮೆತ್ತನೆ ಬಟ್ಟೆಯಿಂದ ಒರೆಸಿದರೆ ಹೋಗುತ್ತೆ. ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಲೂ ತಿರುಗಿಸಬೇಡಿ. ಎಲ್ಲರೂ ಹೊಳೆಯುವ ಕೆಳಮೈಯನ್ನು ಜೋಪಾನ ಮಾಡುತ್ತಾರೆ. ಆದರೆ ಅಲ್ಯೂಮಿನಿಯಂ ಇರುವುದು ಹೆಸರು ಬರೆದ ಮೇಲ್ಮೈಗೆ ತಾಗಿಕೊಂಡು, ಮೇಲೆ ಬರೀ ತೆಳು ವಾರ್ನಿಷ್. ಆ ಕಡೆ ಆಳವಾದ ಗೀರು ಬಿದ್ದರೆ ರಿಪೇರಿ ಇಲ್ಲ.

ನಿಮ್ಮಲ್ಲಿ ನಿಜವಾದ ಕಷ್ಟ ಕಾಗದದ್ದು. ಬುಕ್‌ಲೆಟ್ ಹಾಳೆಗಳು ಒಂದಕ್ಕೊಂದು ಅಂಟಿಕೊಂಡರೆ ಬಿಡಿಸಲು ಬರಲ್ಲ. ಮೇ ತಿಂಗಳ ಒಣ ದಿನದಲ್ಲಿ ಎಲ್ಲ ತೆಗೆದು ನೆರಳಿನಲ್ಲಿ ಆರಿಸಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿಯಾದರೆ ತೇವ ಕುಡಿದಿದೆ ಅಂತ, ಬಿಸಿ ಮಾಡಿ ಮತ್ತೆ ಬಳಸಬಹುದು. ಮಳೆ ಹೊಡೆಯುವ ಗೋಡೆಗೆ ಡಬ್ಬ ತಾಗಿಸಬೇಡಿ. ನುಸಿಗುಳಿಗೆ ಹಾಕಲೇಬೇಡಿ, ಅದರ ಹೊಗೆಗೆ ಕೆಲವು ಪ್ಲಾಸ್ಟಿಕ್ ಮೆತ್ತಗಾಗುತ್ತೆ.

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ಅಪ್ಪನ ಸಿ.ಡಿ.ಗಳಲ್ಲಿ 200 ಆರಿಸಿಟ್ಟಿದ್ದಾಳೆ, ತೆಗೆದುಕೊಂಡು ಹೋಗಬೇಕಂತೆ. ಸೂಟ್‌ಕೇಸಿಗೆ ಹಿಡಿಯುತ್ತದೆಯೇ?
— ಓದುಗರೊಬ್ಬರು, ಮೈಸೂರು

ಉತ್ತರ: ಡಬ್ಬಿ ಸಮೇತ ಆದರೆ 20 ಕೆ.ಜಿ. ಒಂದು ಬ್ಯಾಗಿನ ಮಿತಿ ಸಾಮಾನ್ಯವಾಗಿ 23 ಕೆ.ಜಿ. ಇರುತ್ತೆ, ಚಟ್ನಿಪುಡಿ ಎಲ್ಲಿಡುತ್ತೀರಿ? ಮೇಲೆ ಹೇಳಿದ ಹಾಗೆ ಕವರಿಗೆ ಹಾಕಿದರೆ ಐದಾರು ಕೆ.ಜಿ.ಗೆ ಬರುತ್ತೆ, ಕ್ಯಾಬಿನ್ ಬ್ಯಾಗಿನಲ್ಲೇ ಹೋಗುತ್ತೆ. ಡಿಸ್ಕುಗಳು ಮಲಗಿರದೆ ನಿಂತಿರಲಿ, ಎರಡೂ ತುದಿಗೆ ಒಂದೊಂದು ದಪ್ಪ ರಟ್ಟು ಕೊಡಿ. ವಿಮಾನ ನಿಲ್ದಾಣದ ಎಕ್ಸ್‌ರೇಯಿಂದ ಸಿ.ಡಿ.ಗೆ ಏನೂ ಆಗಲ್ಲ. ಅಮೆರಿಕದಲ್ಲಿ ಖಾಲಿ ಡಬ್ಬಿ ಬೇಕೆನಿಸಿದರೆ ಅಲ್ಲೇ ಕೊಳ್ಳಲಿ, ಅಳತೆ ಎಲ್ಲ ದೇಶಕ್ಕೂ ಒಂದೇ. ಹೊರಡುವ ಮುಂಚೆ 200ರ ಪಟ್ಟಿ ಒಂದು ನಿಮ್ಮ ಹತ್ತಿರವೂ ಇರಲಿ, ಆಮೇಲೆ ಇಲ್ಲಿ ಹುಡುಕುತ್ತಾ ಕೂರುವವರು ನೀವೇ.