ಸಂಪಾದಕರ ಉತ್ತರ: ಜೆಸಿಬಿ ಅಂಗಳಕ್ಕೆ ಬರುವ ಮೊದಲು

ಹೊಸನಗರ ತಾಲೂಕಿನ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: ಆರು ಎಕರೆ ಅಡಿಕೆ ತೋಟ, ನಾಲ್ಕು ಎಕರೆ ಬ್ಯಾಣ (ಹುಲ್ಲುಗಾವಲು), ಹೂಳು ತುಂಬಿದ ಒಂದು ಕೆರೆ, ಡಾಂಬರು ರಸ್ತೆಯಿಂದ ಮನೆಯವರೆಗೆ ಅರ್ಧ ಕಿಲೋಮೀಟರ್ ಮಣ್ಣಿನ ದಾರಿ. ಆಳು ಸಿಗುತ್ತಿಲ್ಲ. ಮೇ ತಿಂಗಳಲ್ಲಿ ಬಾಡಿಗೆ ಜೆಸಿಬಿಗೆ ಮೂರು ವಾರ ಕಾದರೂ ಬರಲಿಲ್ಲ, ಜೂನ್ ಮಳೆಗೆ ದಾರಿ ಮತ್ತೆ ಕೊಚ್ಚಿ ಹೋಯಿತು. ಈಗ ಸಾಗರದ ಕಡೆ ಒಂದು ಹಳೆ ಜೆಸಿಬಿ 11 ಲಕ್ಷಕ್ಕೆ ಬಂದಿದೆ. ಕೈಯಲ್ಲಿ 3 ಲಕ್ಷ ಇದೆ, 8 ಲಕ್ಷ ಸಾಲ ಆಗಬೇಕು. ಬೆಂಗಳೂರಿನ ಕೆಲಸ ಬಿಟ್ಟು ಬಂದ ಮಗ, 'ನಾನೇ ಓಡಿಸ್ತೀನಿ ಅಪ್ಪಯ್ಯ, ನಮ್ಮ ಕೆಲಸ ಮುಗಿಸಿ ಬಾಡಿಗೆಗೂ ಬಿಡೋಣ' ಅನ್ನುತ್ತಾನೆ. ತಿಂಗಳ ಕೊನೆಯೊಳಗೆ ಮುಂಗಡ ಕೊಡಬೇಕಂತೆ. ತಗೊಳ್ಳಲಾ, ಬಿಡಲಾ ಅಂತ ಪ್ರಶ್ನೆ.

ಈ ವರ್ಷ ತಗೊಳ್ಳಬೇಡಿ. ಮುಂಗಡದ ಗಡುವು ಇರುವುದರಿಂದ ಇದನ್ನೇ ಮೊದಲು ಹೇಳಿಬಿಟ್ಟೆ. ಯಾಕೆ ಅಂತ ಈಗ ನಿಧಾನವಾಗಿ ಹೇಳುತ್ತೇನೆ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೇ ಕೊನೆಯ ವಾರ ಮೋಡ ಕಟ್ಟಿಕೊಂಡು ಬರುತ್ತಿರುವಾಗ ದಿನಾ ಬೆಳಿಗ್ಗೆ ಆಪರೇಟರ್‌ಗೆ ಫೋನ್ ಮಾಡುವುದು, ಅವನು 'ನಾಳೆ ಬರ್ತೀನಿ' ಅನ್ನುವುದು, ನಾಳೆ ಫೋನೇ ಎತ್ತದಿರುವುದು. ಆ ಸಂಕಟ ನನಗೆ ಗೊತ್ತು. ನಮ್ಮ ಮನೆಯೂ ತೀರ್ಥಹಳ್ಳಿ ಕಡೆಯ ಗುಡ್ಡದ ಬುಡದಲ್ಲೇ ಇದೆ. ಆ ಹೊತ್ತಿನಲ್ಲಿ ಯಾರಿಗಾದರೂ 'ಒಂದು ಸ್ವಂತದ್ದು ಇದ್ದಿದ್ದರೆ' ಅನಿಸುತ್ತದೆ. ಆದರೆ ಆ ಮೂರು ವಾರದ ಸಿಟ್ಟಿಗೆ ಐದು ವರ್ಷದ ಕಂತು ಕಟ್ಟುವುದು ಸರಿಯಾ ಅಂತ ಒಮ್ಮೆ ನೋಡೋಣ.

ಮೊದಲು ಗಂಟೆ ಲೆಕ್ಕ. ನಿಮ್ಮ ಜಮೀನಿಗೆ ವರ್ಷಕ್ಕೆ ಯಂತ್ರ ಎಷ್ಟು ಗಂಟೆ ಬೇಕು? ಎಲ್ಲರೂ ಬೆಲೆ ಬರೆಯುತ್ತಾರೆ, ಗಂಟೆ ಬರೆಯುವುದಿಲ್ಲ. ನೀವು ಕೊಟ್ಟ ವಿವರದ ಮೇಲೆ ನಾನೇ ಹಾಕಿದೆ. ದಾರಿಗೆ ಮಳೆಗೆ ಮುಂಚೆ ಐದು ಗಂಟೆ, ಮಳೆ ಮುಗಿದ ಮೇಲೆ ಮೂರು. ಬ್ಯಾಣದ ಲಂಟಾನ ಮಟ್ಟಿ ಕೀಳಲು ಹನ್ನೆರಡು. ಕೆರೆ ಹೂಳಿಗೆ ಮೂವತ್ತು. ಬೇಲಿ ಬದಿಯ ಅಗಳು, ಅಂದರೆ ಕಂದಕ, ತೋಡಲು ಇಪ್ಪತ್ತೈದು. ಒಟ್ಟು 75. ನಿಮ್ಮ ಊರಿನ ಬಾಡಿಗೆ ಗಂಟೆಗೆ 1,200 ಅಂತ ಬರೆದಿದ್ದೀರಿ, ಅಂದರೆ 90 ಸಾವಿರ. ಇದು ಮೊದಲ ವರ್ಷದ ಮಾತು. ಅಗಳು ಒಮ್ಮೆ ತೋಡಿದರೆ ಮತ್ತೆ ತೋಡುವುದಿಲ್ಲ. ಕೆರೆಯ ಕಡೆಗೆ ನಾಲ್ಕೈದು ವರ್ಷ ತಿರುಗಿ ನೋಡಬೇಕಾಗಿಲ್ಲ. ಎರಡನೇ ವರ್ಷದಿಂದ ಇಪ್ಪತ್ತು ಗಂಟೆ ಅಂದರೂ ಜಾಸ್ತಿಯೇ.

ಈಗ ಸಾಲ. 8 ಲಕ್ಷ, ಶೇ 12ರ ಬಡ್ಡಿ, ಐದು ವರ್ಷ ಅಂತ ಹಿಡಿಯಿರಿ. ತಿಂಗಳಿಗೆ 17,800ರ ಹತ್ತಿರ ಕಂತು ಬೀಳುತ್ತದೆ. ಮೊದಲ ವರ್ಷದ ಬಡ್ಡಿಯೊಂದೇ ಹತ್ತಿರ ಹತ್ತಿರ 90 ಸಾವಿರ. ಅಂದರೆ ನಿಮ್ಮ ಜಮೀನಿನ ಅಷ್ಟೂ ಕೆಲಸವನ್ನು ಬಾಡಿಗೆಯಲ್ಲಿ ಮಾಡಿಸುವ ದುಡ್ಡು ಬರೀ ಬಡ್ಡಿಗೆ ಹೋಗುತ್ತದೆ. ಅಸಲು, ವಿಮೆ, ಟೈರು, ಗ್ರೀಸು ಇನ್ನೂ ಬಾಕಿ.

ಮಗ ಹೇಳುವ ಬಾಡಿಗೆ ದಾರಿಯನ್ನು ಸುಮ್ನೆ ತಳ್ಳಿಹಾಕಲಾರೆ, ಅದರಲ್ಲಿ ಹುರುಳಿದೆ. ಗಂಟೆಗೆ 1,200 ಬಂತು ಅನ್ನಿ. ಜೆಸಿಬಿ ಗಂಟೆಗೆ ಸುಮಾರು ಐದು ಲೀಟರ್ ಡೀಸೆಲ್ ಕುಡಿಯುತ್ತದೆ, ಲೀಟರಿಗೆ 90 ಅಂತ ಹಿಡಿದರೆ 450 ಅಲ್ಲೇ ಹೋಯಿತು. ಮನೆ ಹುಡುಗನೇ ಓಡಿಸಿದರೂ ಅವನ ದುಡಿಮೆಗೆ ಬೆಲೆ ಇದೆ ಅಲ್ವಾ, ಅದಕ್ಕೆ 200. ಆಯಿಲ್, ಪಿನ್ನು, ಬುಷ್ಷು, ಹೋಸು, ಟೈರಿಗೆ 150 ಎತ್ತಿಡಿ. ಉಳಿಯುವುದು 400. ವರ್ಷದ ಕಂತು 2 ಲಕ್ಷದ 13 ಸಾವಿರ. ಬರೀ ಕಂತು ಕಟ್ಟಲಿಕ್ಕೇ 530 ಗಂಟೆ ಮೇಲೆ ಓಡಬೇಕು, ದಿನಕ್ಕೆ ಎಂಟು ಗಂಟೆಯಂತೆ 67 ದಿನ. ಆಗದ ಮಾತೇನಲ್ಲ, ಮಾಡುವವರು ಮಾಡುತ್ತಿದ್ದಾರೆ. ಆದರೆ ಆಗುಂಬೆ, ಹುಲಿಕಲ್ ಮಳೆ ಬೀಳುವ ಸೀಮೆಯಲ್ಲಿ ಜೂನ್‌ನಿಂದ ದೀಪಾವಳಿವರೆಗೆ ಯಂತ್ರ ಟಾರ್ಪಾಲಿನ ಕೆಳಗೇ ಇರುತ್ತದೆ. ಉಳಿದ ತಿಂಗಳಲ್ಲೇ ಅಷ್ಟೂ ಗಂಟೆ ತುಂಬಬೇಕು. ಹಣವೂ ಕೆಲಸ ಮುಗಿದ ದಿನವೇ ಕೈಗೆ ಬರುವುದಿಲ್ಲ. 'ಅಡಿಕೆ ಕೊಟ್ಟ ಮೇಲೆ ಕೊಡ್ತೀನಿ ಮಾರಾಯ್ರೇ' ಅನ್ನುವುದು ನಮ್ಮಲ್ಲಿ ಎಷ್ಟು ಸಹಜ ಅಂತ ನಿಮಗೇ ಗೊತ್ತು. ಬ್ಯಾಂಕಿನವರು ಅಡಿಕೆ ಕೊಡುವವರೆಗೆ ಕಾಯುವುದಿಲ್ಲ.

ಇನ್ನೊಂದು ಮಾತು ಈ ಲೆಕ್ಕದಲ್ಲಿ ಬರುವುದಿಲ್ಲ. ನಿಮಗೆ ಯಂತ್ರ ಬೇಕಾಗುವುದು ಮೇ ತಿಂಗಳಲ್ಲಿ. ಊರಿನವರಿಗೆಲ್ಲ ಬೇಕಾಗುವುದೂ ಮೇ ತಿಂಗಳಲ್ಲೇ. ಕಂತು ತಲೆಯ ಮೇಲಿರುವಾಗ ನೀವು ಯಾರ ಕೆಲಸ ಮೊದಲು ಮಾಡುತ್ತೀರಿ? ದುಡ್ಡು ಕೊಡುವವರದ್ದು. ನಿಮ್ಮ ದಾರಿ ಕೊನೆಗೆ ಉಳಿಯುತ್ತದೆ. ಸ್ವಂತ ಜೆಸಿಬಿ ಇರುವ ಎರಡು ಮನೆ ನನಗೆ ಗೊತ್ತು, ಎರಡರ ದಾರಿಯಲ್ಲೂ ಮಳೆಗಾಲದಲ್ಲಿ ಬೈಕು ಹೋಗುವುದಿಲ್ಲ.

ಹಾಗಾಗಿ ಬಾಡಿಗೆ ವ್ಯವಹಾರ ಮಾಡುವುದೇ ಆದರೆ ಅದನ್ನು ವ್ಯವಹಾರ ಅಂತಲೇ ಬೇರೆ ಕೂತು ತೀರ್ಮಾನ ಮಾಡಿ. ಜಮೀನಿನ ನೆಪದಲ್ಲಿ ಬೇಡ. ಮಗನಿಗೆ ನಿಜವಾಗಿ ಒಲವಿದ್ದರೆ ಈ ಮಳೆ ಮುಗಿದ ಮೇಲೆ ಒಬ್ಬ ಒಳ್ಳೆ ಆಪರೇಟರ್ ಜೊತೆ ಆರು ತಿಂಗಳು ಕೆಲಸಕ್ಕೆ ಹೋಗಲಿ. ಕೈ ಪಳಗುತ್ತದೆ. ಯಾರು ಕರೆಯುತ್ತಾರೆ, ಯಾರು ಬಾಕಿ ಇಡುತ್ತಾರೆ, ಯಂತ್ರದಲ್ಲಿ ಏನು ಯಾವಾಗ ಕೈ ಕೊಡುತ್ತದೆ ಎಲ್ಲ ತಿಳಿಯುತ್ತದೆ. ಲೈಸೆನ್ಸ್ ಕೂಡ ಅಷ್ಟರಲ್ಲಿ ಮಾಡಿಸಿಕೊಳ್ಳಲಿ. ಹೊಲದಲ್ಲೇ ಓಡಿಸುವುದು ಅಂದರೂ ಒಂದಲ್ಲ ಒಂದು ದಿನ ರಸ್ತೆಗೆ ಇಳಿಸಲೇಬೇಕು.

ಆದರೆ ನನಗೆ ದುಡ್ಡಿಗಿಂತ ಜಾಸ್ತಿ ಹೆದರಿಕೆ ಇರುವುದು ಬೇರೆಯದರ ಬಗ್ಗೆ. ಯಂತ್ರ ಅಂಗಳದಲ್ಲಿ ನಿಂತಿದ್ದರೆ ಅದಕ್ಕೆ ಕೆಲಸ ಹುಡುಕಲು ಶುರು ಮಾಡುತ್ತೇವೆ. ಅಲ್ಲೊಂದು ದಿಣ್ಣೆ ಇದೆ, ತೆಗೆದುಬಿಡೋಣ. ಇಲ್ಲಿ ಧರೆ, ಅಂದರೆ ಗುಡ್ಡದ ಕಡಿದಾದ ಅಂಚು, ಕಡಿದರೆ ಜಾಗ ಆಗುತ್ತದೆ. ಕೈಯಲ್ಲಿ ಹಾರೆ ಗುದ್ದಲಿ ಮಾತ್ರ ಇದ್ದಾಗ ಹತ್ತು ಸಲ ಯೋಚಿಸುತ್ತಿದ್ದ ಕೆಲಸ ಲಿವರ್ ಹಿಡಿದಾಗ ಹತ್ತು ನಿಮಿಷದಲ್ಲಿ ಆಗಿಹೋಗುತ್ತದೆ.

ನಮ್ಮ ಮನೆಯಲ್ಲೇ ಆಯಿತು. ಏಳೆಂಟು ವರ್ಷದ ಹಿಂದೆ ದಾರಿ ಕೆಲಸಕ್ಕೆ ಬಾಡಿಗೆ ಯಂತ್ರ ತರಿಸಿದ್ದೆ. ಕೆಲಸ ಬೇಗ ಮುಗಿಯಿತು. 'ಹೇಗೂ ಬಂದಿದೆ' ಅಂತ ಕೊಟ್ಟಿಗೆ ಹಿಂದಿನ ಧರೆಯನ್ನು ಹನ್ನೆರಡು ಅಡಿ ನೇರಕ್ಕೆ ಕಡಿಸಿದೆ, ಅಡಿಕೆ ಒಣಗಿಸಲು ಅಂಗಳ ದೊಡ್ಡದಾಗಲಿ ಅಂತ. ಎರಡೂವರೆ ಗಂಟೆ ಕೆಲಸ. ಕಡಿದ ಮೇಲೆ ನೋಡಲು ಎಷ್ಟು ಚೆನ್ನಾಗಿತ್ತು ಅಂದರೆ, ಮೇಲೆ ಕೆಂಪು ಮಣ್ಣು, ನಡುವೆ ಜಂಬಿಟ್ಟಿಗೆ, ಬುಡದಲ್ಲಿ ಬಿಳಿ ಶೇಡಿ ಮಣ್ಣು, ಚಾಕುವಿನಲ್ಲಿ ಕೊಯ್ದ ಹಾಗೆ. ಜುಲೈಯಲ್ಲಿ ನಾಲ್ಕು ದಿನ ಬಿಡದೆ ಮಳೆ ಹೊಡೆಯಿತು. ಮೂರನೇ ದಿನ ಆ ಬಿಳಿ ಮಣ್ಣಿನ ಗೆರೆಯಿಂದ ಬೆರಳು ಗಾತ್ರದ ನೀರು ಒಸರುತ್ತಿತ್ತು, ಹಾಲು ಬೆರೆಸಿದ ಹಾಗೆ ಬೆಳ್ಳಗೆ. ನಾನು ನೋಡಿದೆ, ಅರ್ಥ ಮಾಡಿಕೊಳ್ಳಲಿಲ್ಲ. ನಾಲ್ಕನೇ ದಿನ ರಾತ್ರಿ ಧರೆ ಕುಸಿದು ಬಂತು. ದೊಡ್ಡ ಸದ್ದೇನಿಲ್ಲ, ಯಾರೋ ಉಸಿರು ಬಿಟ್ಟ ಹಾಗೆ. ಬೆಳಿಗ್ಗೆ ನೋಡಿದರೆ ಕೊಟ್ಟಿಗೆಯ ಹಿಂದಿನ ಗೋಡೆ ಇಲ್ಲ, ಮೇಲಿದ್ದ ಹೆಬ್ಬಲಸಿನ ಬೇರು ಗಾಳಿಯಲ್ಲಿ ನೇತಾಡುತ್ತಿದೆ. ದನಗಳನ್ನು ಅಮ್ಮ ಹಿಂದಿನ ಸಂಜೆಯೇ ಮುಂದಿನ ಚಪ್ಪರಕ್ಕೆ ಕಟ್ಟಿದ್ದರು, ಅದೊಂದೇ ಪುಣ್ಯ.

ಆಪರೇಟರ್ ಹೇಳಿದ್ದನ್ನು ಮಾಡಿದ, ತಪ್ಪು ನನ್ನದೇ. ನೆನೆದರೆ ಆ ಶೇಡಿ ಮಣ್ಣಿಗೆ ಬಿಗಿ ಇರುವುದಿಲ್ಲ, ಮೇಲಿನ ಭಾರ ಹೊರಲಾರದು. ಗುಡ್ಡದ ಪಾದ ಕಡಿದರೆ ಅದು ನಿಲ್ಲುವುದಾದರೂ ಯಾವುದರ ಮೇಲೆ? 2018ರ ಆಗಸ್ಟ್‌ನಲ್ಲಿ ಕೊಡಗು, 2024ರ ಜುಲೈ 16ರಂದು ಉತ್ತರ ಕನ್ನಡದ ಶಿರೂರು, ಅದೇ ತಿಂಗಳ 30ಕ್ಕೆ ವಯನಾಡು, ಗುಡ್ಡ ಕುಸಿದದ್ದು ನೆನಪಿದೆಯಲ್ಲ. ಎಲ್ಲದಕ್ಕೂ ಜೆಸಿಬಿಯೇ ಕಾರಣ ಅನ್ನುವುದಿಲ್ಲ, ಆ ಮಳೆಯೇ ಹಾಗಿತ್ತು. ಆದರೆ ನಮ್ಮ ಇಳಿಜಾರು ಎಷ್ಟು ತಡೆದುಕೊಳ್ಳುತ್ತದೆ ಅನ್ನುವುದನ್ನು ನಾವು ಇಷ್ಟು ಹಗುರವಾಗಿ ನೋಡಬಾರದು.

ನಿಮ್ಮ ಪತ್ರದಲ್ಲಿ ಒಂದು ಸಾಲು ಬರುತ್ತದೆ, 'ಸೊಪ್ಪಿನಬೆಟ್ಟದ ಒಂದು ಮೂಲೆಯನ್ನೂ ಸಮತಟ್ಟು ಮಾಡಿಕೊಳ್ಳಬಹುದು' ಅಂತ. ದಯವಿಟ್ಟು ಆ ಯೋಚನೆ ಬಿಡಿ. ಸೊಪ್ಪಿನಬೆಟ್ಟ ಅಂದರೆ ತೋಟಕ್ಕೆ ಸೊಪ್ಪು ತರಲು ಸರ್ಕಾರ ಬಿಟ್ಟುಕೊಟ್ಟ ಕಾಡು. ಅದರ ಸೊಪ್ಪು, ದರಕು (ಒಣ ಎಲೆ) ನಿಮ್ಮದು, ನೆಲ ನಿಮ್ಮದಲ್ಲ. ಕೇಸು ಬೀಳುವುದು ಒಂದು ಕಡೆ ಇರಲಿ. ನಿಮ್ಮ ತೋಟದ ನೀರು ಆ ಬೆಟ್ಟದಿಂದಲೇ ಇಳಿದು ಬರುವುದು.

ತೋಟದೊಳಗೆ ಬಸಿಗಾಲುವೆ ಕೆಲಸಕ್ಕೂ ಜೆಸಿಬಿ ಅಂದಿದ್ದೀರಿ. ಟೇಪು ಹಿಡಿದು ನೋಡಿ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ತೋಟ ನಿಮ್ಮದು, ಅಂದರೆ 2.7 ಮೀಟರ್. ಜೆಸಿಬಿಯ ಮುಂದಿನ ಬಕೆಟ್ಟೇ 2.2 ಮೀಟರಿಗಿಂತ ಅಗಲ. ಎರಡೂ ಬದಿ ಒಂದು ಗೇಣೂ ಉಳಿಯುವುದಿಲ್ಲ. ಅಡಿಕೆಯ ಬಹುಪಾಲು ಬೇರು ಬುಡದಿಂದ ಮೂರು ಅಡಿಯೊಳಗೇ ಹರಡಿರುತ್ತದೆ, ಏಳೂವರೆ ಟನ್ ಭಾರ ಅದರ ಮೇಲೆ ಹತ್ತಿ ಇಳಿದರೆ ಮಣ್ಣು ಹಲಗೆಯ ಹಾಗೆ ಗಟ್ಟಿಯಾಗುತ್ತದೆ. ನೀರು ಬಸಿಯಲಿ ಅಂತ ಕಾಲುವೆ ತೆಗೆಸಲು ಹೋಗಿ ನೀರು ನಿಲ್ಲುವ ಹಾಗೆ ಮಾಡಿಕೊಂಡಂತೆ ಆಗುತ್ತದೆ. ತೋಟದೊಳಗೆ ಗುದ್ದಲಿಯೇ ಸರಿ. ತೀರಾ ಆಗದಿದ್ದರೆ ಒಂದೂವರೆ ಮೀಟರ್ ಅಗಲದ, ರಬ್ಬರ್ ಪಟ್ಟಿಯ ಮೂರು ಟನ್ನಿನ ಚಿಕ್ಕ ಹಿಟಾಚಿ ಬಾಡಿಗೆಗೆ ಸಿಗುತ್ತದಾ ವಿಚಾರಿಸಿ, ಅದೂ ಮಣ್ಣು ಒಣಗಿರುವಾಗ ಮಾತ್ರ. ನಾವು ಯಾವ ಕಂಪನಿಯದ್ದಾದರೂ ಹಿಟಾಚಿ ಅಂತಲೇ ಕರೆಯುವುದು, ಅಂಗಡಿಯಲ್ಲಿ ಮಿನಿ ಎಕ್ಸ್‌ಕವೇಟರ್ ಅನ್ನಿ.

ಇನ್ನು ದಾರಿ. ನಿಮ್ಮ ನಿಜವಾದ ತೊಂದರೆ ಇದೇ ಅಂತ ನನ್ನ ಅನಿಸಿಕೆ, ಆದರೆ ಅದು ಯಂತ್ರದ ತೊಂದರೆ ಅಲ್ಲ, ನೀರಿನದ್ದು. ವರ್ಷ ವರ್ಷ ಜೆಸಿಬಿ ತಂದು ಕೆರೆಸಿ ಸಮ ಮಾಡುತ್ತೀರಿ, ಕೆರೆಸಿದ ಸಡಿಲ ಮಣ್ಣನ್ನು ಜೂನ್ ಮಳೆ ಎತ್ತಿಕೊಂಡು ಹೋಗುತ್ತದೆ, ದಾರಿ ಒಂದು ಗೇಣು ಕೆಳಗಿಳಿದು ಹಳ್ಳವೇ ಆಗುತ್ತದೆ. ಹಳ್ಳವಾದ ಮೇಲೆ ಅಕ್ಕಪಕ್ಕದ ನೀರೂ ಅಲ್ಲಿಗೇ ಬರುತ್ತದೆ. ಒಂದು ಸಲ ಸರಿಯಾಗಿ ಮಾಡಿಸಿ. ದಾರಿಗೆ ನಡುವೆ ಬೆನ್ನು ಬರಲಿ, ಎರಡೂ ಬದಿಗೆ ನೀರು ಜಾರಲಿ. ಗುಡ್ಡದ ಬದಿಗೆ ಚರಂಡಿ. ಏರು ಇರುವಲ್ಲಿ ಮೂವತ್ತು ನಲವತ್ತು ಅಡಿಗೊಂದು ಜಂಬಿಟ್ಟಿಗೆ ಕಲ್ಲಿನ ಸಾಲನ್ನು ದಾರಿಗೆ ಅಡ್ಡಲಾಗಿ, ಸ್ವಲ್ಪ ಓರೆಯಾಗಿ ಹೂಳಿ, ನೀರಿಗೆ ವೇಗ ಬರುವ ಮೊದಲೇ ಅದು ಪಕ್ಕಕ್ಕೆ ತಿರುಗುತ್ತದೆ. ಹಳ್ಳ ದಾಟುವಲ್ಲಿ ಎರಡು ಅಡಿ ಪೈಪಿನ ಮೋರಿ. ಇಷ್ಟಾದರೆ ಆಮೇಲೆ ವರ್ಷಕ್ಕೆ ಒಬ್ಬ ಆಳು ಎರಡು ದಿನ ಚರಂಡಿ ಎಳೆದರೆ ಸಾಕು.

ಕೆರೆಗೆ ಖಂಡಿತ ಯಂತ್ರ ಬೇಕು, ಬಾಡಿಗೆಗೆ ತನ್ನಿ. ಆದರೆ ಫೆಬ್ರವರಿಯಲ್ಲೇ ಮಾತಾಡಿ ಮುಂಗಡ ಕೊಟ್ಟು ದಿನ ಗೊತ್ತು ಮಾಡಿಕೊಳ್ಳಿ. ಒಂದು ಮನೆಯ ಎಂಟು ಗಂಟೆ ಕೆಲಸಕ್ಕೆ ಯಾರೂ ಓಡಿ ಬರುವುದಿಲ್ಲ. ಅಕ್ಕಪಕ್ಕದ ಐದು ಮನೆ ಸೇರಿ ನೂರೈವತ್ತು ಗಂಟೆ ಕೆಲಸ ಒಟ್ಟಿಗೆ ಇದೆ ಅಂದರೆ ಬರುತ್ತಾರೆ, ಬಾಡಿಗೆಯೂ ಸ್ವಲ್ಪ ಇಳಿಯುತ್ತದೆ. ದಾರಿ ಕೆಲಸವನ್ನು ಮೇ ತಿಂಗಳಿಗೆ ತಳ್ಳಬೇಡಿ, ಡಿಸೆಂಬರಿನಲ್ಲಿ ಮಣ್ಣಿನ ಹದ ಚೆನ್ನಾಗಿರುತ್ತದೆ, ಮಳೆಗೆ ಮೊದಲು ಕೂರಲು ಐದು ತಿಂಗಳು ಸಿಗುತ್ತದೆ. ತೆಗೆದ ಹೂಳು ತೋಟಕ್ಕೆ ಹೊಸಮಣ್ಣು. ಅದನ್ನು ಹೊತ್ತು ಹಾಕುವ ಖರ್ಚು ತೆಗೆಯುವ ಖರ್ಚಿಗಿಂತ ಜಾಸ್ತಿ, ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ಕೈಯಲ್ಲಿರುವ 3 ಲಕ್ಷದಲ್ಲಿ ಏನಾದರೂ ತಗೊಳ್ಳಲೇಬೇಕು ಅಂತಿದ್ದರೆ ದಿನಾ ಬಳಸುವಂಥದ್ದು ತಗೊಳ್ಳಿ. ಒಂದು ಒಳ್ಳೆ ಕಳೆ ಕೊಚ್ಚುವ ಯಂತ್ರ, ತೋಟದೊಳಗೆ ಗೊಬ್ಬರ, ಗೊನೆ ಸಾಗಿಸುವ ಮೋಟಾರು ಗಾಡಿ. ನೀವೇ ಬರೆದ ಹಾಗೆ ಸೊಂಟ ನೋವಿನಲ್ಲಿ ಗೊಬ್ಬರದ ಬುಟ್ಟಿ ಹೊರುತ್ತಿದ್ದೀರಿ, ಆ ನೋವಿಗೆ ಜೆಸಿಬಿ ಏನೂ ಮಾಡುವುದಿಲ್ಲ, ಈ ಗಾಡಿ ಮಾಡುತ್ತದೆ. ಟಿಲ್ಲರ್ ಥರದ್ದು ಅಪರೂಪಕ್ಕೆ ಬೇಕಾದರೆ ಸರ್ಕಾರದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರದಲ್ಲಿ ಕೇಳಿ.

ಇಷ್ಟೆಲ್ಲ ಕೇಳಿಯೂ ಆ ಯಂತ್ರ ನೋಡಲು ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ, ಹೇಳದೆ ಹೋಗಿ. ಎಂಜಿನ್ ಮುಟ್ಟಿ ನೋಡಿ, ತಣ್ಣಗಿರಬೇಕು. ಬಿಸಿ ಇದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಅರ್ಥ. ಆಯಿಲ್ ಕಡ್ಡಿ ಎಳೆದು ನೋಡಿ, ಹಾಲು ಬೆರೆತ ಕಾಫಿ ಬಣ್ಣ ಇದ್ದರೆ ನೀರು ಸೇರಿದೆ, ಅಲ್ಲಿಂದಲೇ ಹಿಂದೆ ಬನ್ನಿ. ಹಿಂದಿನ ತೋಳನ್ನು ಪೂರ್ತಿ ಚಾಚಿ ನೆಲದಿಂದ ಎರಡು ಅಡಿ ಮೇಲೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿಸಿ ಹತ್ತು ನಿಮಿಷ ಕಾಯಿರಿ, ಅದು ಕಣ್ಣೆದುರೇ ಇಳಿದರೆ ಹೈಡ್ರಾಲಿಕ್ ಸೀಲು ಹೋಗಿರಬಹುದು. ಆ ತೋಳು ಎಡಕ್ಕೆ ಬಲಕ್ಕೆ ತಿರುಗುವ ಬುಡದ ದಪ್ಪ ಪಿನ್ನಿನಲ್ಲಿ ಆಟ ಎಷ್ಟಿದೆ ಅಂತ ಬಕೆಟ್ ಹಿಡಿದು ಅಲ್ಲಾಡಿಸಿ ನೋಡಿ. ಮೀಟರಿನಲ್ಲಿ 8 ಸಾವಿರ ಗಂಟೆ ಅಂತ ಇದೆಯಂತೆ, ಪೆಡಲ್ಲಿನ ರಬ್ಬರು ಪೂರ್ತಿ ಸವೆದು ಕಬ್ಬಿಣ ಹೊಳೆಯುತ್ತಿದ್ದರೆ ಆ ಮೀಟರನ್ನು ನಂಬಬೇಡಿ. ಆರ್‌ಸಿಯಲ್ಲಿ ಹಳೆ ಸಾಲದ ನಮೂದು ಉಳಿದಿದೆಯಾ ಅಂತ ನೋಡದೆ ಒಂದು ರೂಪಾಯಿಯೂ ಕೊಡಬೇಡಿ. ಮಳೆಗಾಲದ ನಡುವೆ ಮಾರಲು ಯಾಕೆ ಬಂದಿದೆ ಅಂತಲೂ ಯೋಚಿಸಿ, ನಿಂತ ಯಂತ್ರಕ್ಕೂ ಕಂತು ನಿಲ್ಲುವುದಿಲ್ಲ, ಆ ಮಾಲೀಕರಿಗೂ ಅದೇ ಆಗಿರಬಹುದು.

ಈಗ ಮಾಡಬೇಕಾದ ಕೆಲಸ ಒಂದಿದೆ, ಅದಕ್ಕೆ ಖರ್ಚಿಲ್ಲ. ಮಳೆ ಜೋರಾಗಿ ಹೊಡೆಯುವ ದಿನ ಮಗನನ್ನು ಕರೆದುಕೊಂಡು, ಒಂದು ಹೊರೆ ಗೂಟ ಹಿಡಿದು ದಾರಿಯ ಮೇಲಿನ ತುದಿಯಿಂದ ಮನೆವರೆಗೆ ನಡೆಯಿರಿ. ನೀರು ಎಲ್ಲಿ ದಾರಿಗೆ ಇಳಿಯುತ್ತದೆ, ಎಲ್ಲಿ ವೇಗ ಹಿಡಿಯುತ್ತದೆ, ಎಲ್ಲಿ ತಾನೇ ಪಕ್ಕಕ್ಕೆ ಹೋಗಲು ನೋಡುತ್ತದೆ, ಅಲ್ಲಲ್ಲಿ ಗೂಟ ಹೊಡೆಯಿರಿ. ಬೇಸಿಗೆಯಲ್ಲಿ ಆ ಜಾಗ ಯಾವುದು ಅಂತ ಗೊತ್ತಾಗುವುದಿಲ್ಲ. ಡಿಸೆಂಬರಿನಲ್ಲಿ ಯಂತ್ರ ಬಂದಾಗ ಆಪರೇಟರ್‌ಗೆ ಆ ಗೂಟ ತೋರಿಸಿದರೆ ಸಾಕು. ಗೂಟ ಹೊಡೆದ ಮೇಲೆ ನನಗೊಂದು ಪತ್ರ ಹಾಕಿ, ಒಂದು ಚಿತ್ರವನ್ನೂ ಬರೆದು ಕಳಿಸಿ. ಕಲ್ಲಿನ ಸಾಲು ಎಲ್ಲೆಲ್ಲಿ ಬರಬೇಕು ಅಂತ ಅದರ ಮೇಲೆಯೇ ಗುರುತು ಹಾಕಿ ವಾಪಸ್ ಕಳಿಸುತ್ತೇನೆ.

— ಸಂ.