ತೂಕ ಇಳಿಯಿತು, ಚರ್ಮ ಜೋತು ಬಿತ್ತು

ಪ್ರಶ್ನೆ: ತೂಕ ಇಳಿಸುವ ಆಪರೇಷನ್ ಆದ ಮೇಲೆ 45 ಕೆಜಿ ಇಳಿದಿದ್ದೇನೆ. ಈಗ ಹೊಟ್ಟೆಯ ಚರ್ಮ ಜೋತು ಬಿದ್ದಿದೆ. ಲಂಗದ ಲಾಡಿ ಕಟ್ಟುವ ಕಡೆ ಬೆವರಿ ಹುಣ್ಣಾಗುತ್ತದೆ. ವ್ಯಾಯಾಮಕ್ಕೆ ಸರಿಹೋಗುತ್ತಾ, ಬಾಡಿ ಲಿಫ್ಟ್ ಮಾಡಿಸಬೇಕಾ?
– ಓದುಗರು, ಕಲಬುರಗಿ

ಉತ್ತರ: ಇಷ್ಟು ತೂಕ ಇಳಿಸಿದ್ದು ಸಣ್ಣ ಮಾತಲ್ಲ ತಂಗಿ. ವ್ಯಾಯಾಮದಿಂದ ಸ್ನಾಯು ಗಟ್ಟಿಯಾಗುತ್ತದೆ, ಆದರೆ ಇಷ್ಟೊಂದು ಹಿಗ್ಗಿದ ಚರ್ಮ ಹಿಂದಕ್ಕೆ ಹೋಗಲ್ಲ, ಕ್ರೀಮಿಗೂ ಸುಮ್ನೆ ದುಡ್ಡು ಸುರಿಯಬೇಡಿ.

ಬಾಡಿ ಲಿಫ್ಟ್ ಅಂದರೆ ಸೊಂಟದ ಸುತ್ತಲೂ ಕೊಯ್ದು ಹೆಚ್ಚುವರಿ ಚರ್ಮ ತೆಗೆದು ಹೊಲಿಯುವುದು. ದೊಡ್ಡ ಆಪರೇಷನ್ನೇ. ಕಲೆ ಸುತ್ತಲೂ ಉಳಿಯುತ್ತದೆ, ಮಾಸುತ್ತದೆ, ಹೋಗಲ್ಲ. ಹೊಲಿಗೆ ಬಿಚ್ಚಿಕೊಳ್ಳುವುದು, ಚರ್ಮದಡಿ ನೀರು ತುಂಬುವುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಈ ಅಪಾಯಗಳನ್ನೆಲ್ಲ ಡಾಕ್ಟರ ಹತ್ತಿರ ಬಿಡಿಸಿ ಕೇಳಿ. ಮುಂದೆ ಮಗು ಬೇಕು ಅಂತಿದ್ದರೆ ಅದಾದ ಮೇಲೇ ಮಾಡಿಸಿ.

ಅವಸರ ಬೇಡ. ತೂಕ ಕನಿಷ್ಠ 6 ತಿಂಗಳು ಒಂದೇ ಕಡೆ ನಿಲ್ಲಬೇಕು. ತೂಕದ ಆಪರೇಷನ್ ಆದವರಲ್ಲಿ ರಕ್ತಹೀನತೆ, ಪ್ರೋಟೀನ್ ಕೊರತೆ ಜಾಸ್ತಿ, ಹಾಗಿದ್ದರೆ ಗಾಯ ಬೇಗ ಮಾಯಲ್ಲ. ಬಾಡಿ ಲಿಫ್ಟ್ ಆದ ಮೇಲೆ ವಾರಗಟ್ಟಲೆ ಬಿಗಿ ಪಟ್ಟಿ ಹಾಕಿಕೊಂಡೇ ಇರಬೇಕಾಗುತ್ತದೆ, ನಮ್ಮ ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ಅದು ಆಗುವ ಮಾತಲ್ಲ, ಚಳಿಗಾಲ ನೋಡಿಕೊಳ್ಳಿ. ಸುಮಾರು ಆರು ವಾರ ಕೊಡ ಎತ್ತುವ ಹಾಗಿಲ್ಲ, ಮನೆಯವರಿಗೆ ಈಗಲೇ ಹೇಳಿಡಿ.

ಹುಣ್ಣಿಗೆ ಮಾತ್ರ ಕಾಯಬೇಡಿ, ಈ ವಾರವೇ ಚರ್ಮದ ಡಾಕ್ಟರಿಗೆ ತೋರಿಸಿ.